ಪಡುವಣ ಗೋಡೆಯ ಪರದೆಗಳು

ನಮ್ಮ ಮನೆಯಲ್ಲಿ ಬರಿಮೈಯಲ್ಲಿರುವ ವಸ್ತು ಅಂದರೆ ನಾನು ಕಾಫಿ ಕುಡಿಯುವ ಲೋಟ ಒಂದೇ. ಮಿಕ್ಕಿದ್ದೆಲ್ಲ ಕ್ರೋಶಾ ಹೊದ್ದುಕೊಂಡಿದೆ. ಟಿವಿಗೆ ಬಿಳಿಯದು, ಫ್ರಿಜ್ಜಿಗೆ ನೀಲಿ ಅಂಚಿನದು, ಮಿಕ್ಸಿಗೆ ಕುಲಾವಿಯಂಥದ್ದು, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಒಂದು ಲಂಗ. ಸಿಂಧಘಟ್ಟದಿಂದ ಬಂದ ನನ್ನ ವಾರಗಿತ್ತಿ ಅದನ್ನು ನೋಡಿ, ಸಿಲಿಂಡರು ಮೈನೆರೆದಿದೆಯೇನಕ್ಕ ಅಂತ ಕೇಳಿದಳು. ನಗಲಿ ಬಿಡಿ. ಒಬ್ಬಳೇ ಇರುವವಳ ಕೈಗೆ ಕೆಲಸ ಬೇಕು. ಇಲ್ಲದಿದ್ದರೆ ಬಾಯಿ ಕೆಲಸ ಶುರು ಮಾಡುತ್ತದೆ, ಅದನ್ನು ಕೇಳುವವರು ಮನೆಯಲ್ಲಿ ಯಾರೂ ಇಲ್ಲ.

ನಾನು ಕೆ.ಆರ್. ಪೇಟೆಯ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಯಜಮಾನರು ಅದಕ್ಕೂ ಮುಂಚೆಯೇ ಹೋದರು. ಮಕ್ಕಳಾಗಲಿಲ್ಲ. ಸಿಂಧಘಟ್ಟಕ್ಕೆ ಬಂದು ಇರಿ ಅಂತ ಮೈದುನ ಕರೆದ. ಕರೆದ ದನಿಯಲ್ಲೇ ಬರಬೇಡಿ ಅನ್ನುವುದೂ ಇತ್ತು. ಹಾಗಾಗಿ ಪೇಟೆಯಲ್ಲೇ ಒಂದು ಸಣ್ಣ ಬಾಡಿಗೆ ಮನೆ ಹಿಡಿದೆ. ಸಾಮಾನು ಇಳಿಸಿದ ದಿನ ಮೊದಲು ಮಾಡಿದ್ದು ಫೋಟೋ ಹಾಕುವ ಕೆಲಸ. ಆ ಮನೆಯ ಓನರಿಗೆ ಸುತ್ತಿಗೆಯ ಸದ್ದು ಕೇಳಿದರೆ ಸಾಕು, ತಲೆಗೇ ಹೊಡೆದಂತೆ ಓಡಿಬರುತ್ತಿದ್ದರು. ಹೊಸ ಮೊಳೆ ಒಂದೂ ಹೊಡೆಯುವ ಹಾಗಿರಲಿಲ್ಲ. ಹಿಂದೆ ಇದ್ದವರು ಹೊಡೆದಿದ್ದ ಮೊಳೆಗಳೆಲ್ಲ ಹಾಲಿನ ಪಡುವಣ ಗೋಡೆಯಲ್ಲಿದ್ದವು. ಯಜಮಾನರು, ಅಪ್ಪ ಅಮ್ಮ, ಪಾಲಹಳ್ಳಿಗೆ ಕೊಟ್ಟ ಅಕ್ಕನ ಮದುವೆಯ ಗ್ರೂಪ್ ಫೋಟೋ, ನನ್ನ ಬೀಳ್ಕೊಡುಗೆಯದು, ಎಲ್ಲವೂ ಅಲ್ಲೇ ಸಾಲಾಗಿ ಕೂತವು. ಕೊನೆಗೆ ಒಂದು ಮೊಳೆ ಉಳಿಯಿತು. ಹಾಕಲು ನನ್ನ ಹತ್ತಿರ ಜನ ಇರಲಿಲ್ಲ.

ಪಕ್ಕದ ಮನೆಯವಳು ಮುಸಲ್ಮಾನರ ಹೆಂಗಸು, ನನಗಿಂತ ಚಿಕ್ಕವಳು. ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ. ಇವಳು ಮನೆಯಲ್ಲೇ ಕೂತು ನಮಾಜಿನ ಟೋಪಿ ಹೆಣೆದು ಮೈಸೂರಿನ ಅಂಗಡಿಗೆ ಕಳಿಸುತ್ತಿದ್ದಳು. ರಂಜಾನ್ ಹಬ್ಬಕ್ಕೆ ಶ್ಯಾವಿಗೆ ಪಾಯಸ ಕೊಡಲು ಬಂದವಳು, ನಾನು ಟಿವಿಯನ್ನೂ ಹಾಕದೆ ಸುಮ್ಮನೆ ಗೋಡೆ ನೋಡುತ್ತ ಕೂತಿದ್ದನ್ನು ನೋಡಿ, ಬಟ್ಟಲು ಇಟ್ಟು ಹೋದಳು. ಮಾರನೆಯ ದಿನ ಒಂದು ಕ್ರೋಶಾ ಕಡ್ಡಿ, ಒಂದು ದಾರದ ಉಂಡೆ ತಂದು ನನ್ನ ಮಡಿಲಿಗೆ ಹಾಕಿದಳು. ಕಲಿಸುವುದರಲ್ಲಿ ಮಾತ್ರ ಅವಳಿಗೆ ಕರುಣೆ ಅನ್ನುವುದೇ ಇಲ್ಲ. ನಾನು ಇಡೀ ಮಧ್ಯಾಹ್ನ ಕಣ್ಣು ನೋಯಿಸಿಕೊಂಡು ಹೆಣೆದದ್ದನ್ನು ಬೆಳಕಿಗೆ ಹಿಡಿದು, ಬಿಚ್ಚಿ ಅಕ್ಕಾ, ಅನ್ನುತ್ತಿದ್ದಳು. ಅಷ್ಟೇ. ನನಗೋ ಮೂಗಿನ ಮೇಲೇ ಕೋಪ. ಬಿಚ್ಚುತ್ತ ಬೈಯುತ್ತಿದ್ದೆ, ಬೈಯುತ್ತ ಮತ್ತೆ ಹೆಣೆಯುತ್ತಿದ್ದೆ.

ಹೀಗೆ ಒಂದು ಸಾಯಂಕಾಲ ನಮ್ಮ ಹಾಲಿನಲ್ಲಿ ಕೂತಿದ್ದಾಗ ಮಸೀದಿಯಲ್ಲಿ ಕೂಗಿತು. ಅವಳ ಕೈಯಲ್ಲಿ ಟೋಪಿಯ ನೆತ್ತಿಯ ಹೂವು ಅರ್ಧಕ್ಕೆ ಬಂದಿತ್ತು. ಮನೆಗೆ ಹೋದರೆ ಬೇರೆ ಕೆಲಸ ಹಿಡಿದುಕೊಳ್ಳುತ್ತದೆ, ಇಲ್ಲೇ ನಮಾಜು ಮಾಡಿಕೊಳ್ಳಲಾ ಅಂತ ಕೇಳಿದಳು. ಒಗೆದ ಬೆಡ್‌ಶೀಟು ಹಾಸಿಕೊಟ್ಟೆ. ಪಶ್ಚಿಮಕ್ಕೆ ಮುಖ ಮಾಡಿ ನಿಂತವಳು ನಿಂತೇ ಇದ್ದಳು. ಎದುರಿಗೆ ನಮ್ಮ ಯಜಮಾನರು ಕೋಟು ಹಾಕಿಕೊಂಡು ನೋಡುತ್ತಿದ್ದರು. ಆಗುವುದಿಲ್ಲ ಅಂತ ಅವಳು ತಲೆಯಾಡಿಸಿದಾಗ ನನಗೆ ಚುರ್ ಅಂತು. ನಮ್ಮ ಮನೆಯವರು ನಿನಗೇನು ಮಾಡಿದರು ಅಂತ ಕೇಳಿಯೇಬಿಟ್ಟೆ.

"ಅವ್ರೇನ್ ಮಾಡವ್ರೆ ಪಾಪ," ಅಂದಳು. "ಎದುರ್ಗೆ ಮುಖ ಇದ್ರೆ ನಮಾಜು ಆಗಾಕಿಲ್ಲ ಅಕ್ಕಾ."

ಅಂದು ಟಿವಿಯ ಮೇಲಿನ ಬಟ್ಟೆ ತೆಗೆದು ಯಜಮಾನರ ಮೇಲೆ ನಾನೇ ಇಳಿಬಿಟ್ಟೆ. ಮಿಕ್ಕವರಿಗೆ ಟವಲು, ರವಿಕೆ ಕಣ, ಕೈಗೆ ಸಿಕ್ಕಿದ್ದು. ಮುಂದಿನ ವಾರದಿಂದ ಅವಳು ಟೋಪಿ ಬದಿಗಿಟ್ಟು ಒಂದೊಂದು ಫೋಟೋಗೂ ಅದರ ಅಳತೆಗೆ ಸರಿಯಾಗಿ ಬಿಳಿ ದಾರದ ಪರದೆ ಹೆಣೆದಳು. ಜಾಳಾಗಿದ್ದರೆ ಒಳಗಿಂದ ಕಣ್ಣು ಕಾಣುತ್ತದೆ ಅಂತ ಒತ್ತೊತ್ತಾಗಿ ಹೆಣೆದಳು. ಪರದೆಯನ್ನು ಮೊಳೆಗೇ ಸಿಕ್ಕಿಸಿರುತ್ತಿದ್ದೆವು. ಉಳಿದ ಹೊತ್ತಿನಲ್ಲಿ ಫ್ರೇಮಿನ ಮೇಲಕ್ಕೆ ಮಡಿಸಿ ಹಾಕಿರುತ್ತಿದ್ದೆವು. ಕೂಗು ಕೇಳಿದ ಕೂಡಲೇ ನಾನು ಎದ್ದು ಒಂದೊಂದನ್ನೇ ಇಳಿಸುವುದು. ನಮಾಜು ಮುಗಿದ ಮೇಲೆ ಅವಳು ಒಂದೊಂದನ್ನೇ ಎತ್ತುವುದು. ಯಜಮಾನರ ಪರದೆ ಎತ್ತುವಾಗ ಮಾತ್ರ, ತಪ್ಪಾಯ್ತು ಅಣ್ಣಾ, ಅನ್ನುತ್ತಿದ್ದಳು. ಅವರನ್ನು ಅವಳು ಜೀವಂತ ನೋಡಿದವಳೇ ಅಲ್ಲ.

ನನಗೆ ಒಂದು ಆಸೆ ಹತ್ತಿಕೊಂಡಿತು. ಆ ಉಳಿದ ಮೊಳೆಗೆ ಅವಳ ಫೋಟೋ ಹಾಕಬೇಕು. ಗೋಡೆಯ ಮೇಲಿದ್ದವರಲ್ಲಿ ಅರ್ಧ ಜನ ಸತ್ತಿದ್ದರು, ಮಿಕ್ಕವರು ಫೋನೂ ಮಾಡುತ್ತಿರಲಿಲ್ಲ. ದಿನಾ ಬಂದು ಕೂರುವವಳು ಇವಳೊಬ್ಬಳು, ಗೋಡೆಯ ಮೇಲೆ ಇಲ್ಲದವಳೂ ಇವಳೊಬ್ಬಳೇ. ನಾನು ಮೊಬೈಲು ಎತ್ತಿದರೆ ಸಾಕು, ದುಪಟ್ಟಾ ಮುಖದ ತುಂಬ ಎಳೆದುಕೊಂಡು ನಗುತ್ತಿದ್ದಳು. ನಾನೇ ದಿನಾ ಬರ್ತೀನಲ್ಲ, ಫೋಟೋ ಯಾಕೆ ಅನ್ನುತ್ತಿದ್ದಳು.

ಹೋದ ವರ್ಷ ಅವಳ ಗಂಡನಿಗೆ ಸೊಂಟ ಹಿಡಿದುಕೊಂಡು ಗಾಡಿ ಓಡಿಸಲು ಆಗದೇ ಹೋಯಿತು. ಕೋಲಾರದ ಕಡೆ ಇರುವ ಅಳಿಯ, ನನ್ನ ಅಂಗಡಿಯಲ್ಲಿ ಕೂತುಕೊಳ್ಳಿ ಬನ್ನಿ ಅಂತ ಇಬ್ಬರನ್ನೂ ಕರೆದ. ಈ ವಿಷಯವನ್ನು ಅವಳು ಕಡ್ಡಿಯಿಂದ ಕಣ್ಣು ತೆಗೆಯದೆ ಹೇಳಿದಳು. ಹೋಗು, ಯಾರು ಬೇಡ ಅಂದರು ಅಂದೆ. ಅಂದವಳೇ ಅಡಿಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅತ್ತೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಎರಡು ದಿನ ಬಿಟ್ಟು ಅವಳು ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತಂದಳು. ರೇಷನ್ ಕಾರ್ಡಿಗೆ ಅಂತ ತೆಗೆಸಿದ್ದರಲ್ಲಿ ಉಳಿದದ್ದು. ಬೀರುವಿನಲ್ಲಿ ಇಟ್ಟುಕೊಳ್ಳಿ, ಗೋಡೆಗೆ ಮಾತ್ರ ಬೇಡ ಅಂದಳು. ನಾನು ಬಿಡುವವಳಾ? ಇಷ್ಟು ಸಣ್ಣದರಲ್ಲಿ ಕನ್ನಡಕ ಹಾಕಿದರೂ ನಿನ್ನ ಮೂಗು ಕಾಣುವುದಿಲ್ಲ ಅಂದೆ. ದೊಡ್ಡದು ಮಾಡಿಸುತ್ತೇನೆ, ಪರದೆ ಸದಾ ಇಳಿಸಿಯೇ ಇಟ್ಟಿರುತ್ತೇನೆ, ಎತ್ತಿ ನೋಡುವವಳು ನಾನೊಬ್ಬಳೇ ಅಂತ ಮಾತು ಕೊಟ್ಟೆ. ಅವಳು ಎದ್ದು ಆ ಮೊಳೆಯ ಕೆಳಗಿನ ಜಾಗವನ್ನು ಗೇಣಿನಲ್ಲಿ ಅಳೆದಳು. ಹಾಗಾದರೆ ಅದರ ಪರದೆ ನಾನೇ ಹೆಣೆಯುತ್ತೇನೆ ಅಂದಳು. ಅವತ್ತಿನ ಸಂತೋಷಕ್ಕೆ ನಾನು ಒಬ್ಬಳೇ ಕೂತು ಹೋಳಿಗೆ ಮಾಡಿದೆ.

ಸ್ಟುಡಿಯೋದವನು ನಡುವಯಸ್ಸಿನ ಮನುಷ್ಯ. ಫೋಟೋ ನೋಡಿ, ನನ್ನ ಮುಖ ನೋಡಿ, ದನಿ ತಗ್ಗಿಸಿ ತಂಗಿಯಾ ಅಂತ ಕೇಳಿದ. ಹೂಂ ಅಂದೆ. ತಂಗಿಯಲ್ಲದೆ ಮತ್ತೇನು. ಯೋಚನೆ ಮಾಡಬೇಡಿ ಅಮ್ಮ, ಲಕ್ಷಣವಾಗಿ ಮಾಡಿಕೊಡುತ್ತೇನೆ ಅಂದ. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆ. ನಮ್ಮ ಕಡೆ ಹೆಂಗಸರ ಒಂಟಿ ಫೋಟೋ ಹಿಡಿದುಕೊಂಡು ದೊಡ್ಡದು ಮಾಡಿಸಲು ಹೋಗುವುದು ಯಾವಾಗ ಅನ್ನುವುದು ನನ್ನ ಮಂಕು ತಲೆಗೆ ಹೊಳೆಯಲೇ ಇಲ್ಲ.

ಫ್ರೇಮು ಸಿಕ್ಕಿದ್ದು ಅವರು ಹೊರಡುವ ದಿನ. ಅವನು ಅಂಗಡಿಯಲ್ಲಿರಲಿಲ್ಲ, ಹೆಂಡತಿ ಪೇಪರು ಸುತ್ತಿ ಇಟ್ಟಿದ್ದನ್ನು ಕೊಟ್ಟಳು. ಬಿಚ್ಚಿ ನೋಡಲೂ ಪುರಸೊತ್ತಿಲ್ಲದೆ ಓಡಿಬಂದೆ. ಬಾಗಿಲಲ್ಲಿ ಟೆಂಪೋಗೆ ಸಾಮಾನು ತುಂಬಿ ಆಗಿತ್ತು. ಅವಳು ಹೆಣೆದ ಪರದೆ ಹಿಡಿದುಕೊಂಡು ನಮ್ಮ ಹಾಲಿನಲ್ಲಿ ಕಾಯುತ್ತಿದ್ದಳು. ಇಬ್ಬರೂ ಸೇರಿ ಪೇಪರು ಬಿಚ್ಚಿದೆವು.

ಜರಿ ಅಂಚಿನ ಸೀರೆ. ಮುಡಿ ತುಂಬ ಮಲ್ಲಿಗೆ. ಹಣೆಯಲ್ಲಿ ಕಾಸಿನಗಲ ಕುಂಕುಮ. ತಲೆಯ ಹಿಂದೆ ದೇವರ ಪಟದಲ್ಲಿ ಇರುವಂಥ ಬೆಳಕು. ಕೆಳಗೆ ಜನನ, ಮರಣ ಅಂತ ಬರೆದು ತಾರೀಕಿಗೆ ಜಾಗ ಬಿಟ್ಟಿದ್ದ.

"ಇದ್ಯಾರಕ್ಕಾ?" ಅಂದಳು. ನಿಜಕ್ಕೂ ಅವಳಿಗೆ ಗುರುತು ಸಿಕ್ಕಿರಲಿಲ್ಲ.

ಆಮೇಲೆ ಸಿಕ್ಕಿತು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು. ಅವಳು ನಕ್ಕಳು. ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋಡಿ ನಾನೂ ನಕ್ಕೆ. ನಗುತ್ತಲೇ ಅವಳು ಹೆಬ್ಬೆರಳಿನಿಂದ ಗಾಜಿನ ಮೇಲೆ, ಆ ಕುಂಕುಮ ಇದ್ದ ಕಡೆ ಉಜ್ಜಿದಳು. ಮತ್ತೆ ಉಜ್ಜಿದಳು. ಹೋಗಲಿಲ್ಲ. ಅವಳ ನಗು ನಿಂತಿತು.

"ಬುಡಿ ಅಕ್ಕಾ," ಅಂತ ಫ್ರೇಮನ್ನು ನನ್ನ ಕೈಗೆ ಕೊಟ್ಟಳು. "ಅಲ್ಲಾಗೇ ಇಷ್ಟ ಇಲ್ಲ ಅಂತ ಕಾಣ್ತದೆ."

ಟೆಂಪೋದವನು ಹಾರ್ನ್ ಹೊಡೆದ. ಅವಳು ಎದ್ದು, ತಂದಿದ್ದ ಪರದೆಯನ್ನು ಖಾಲಿ ಮೊಳೆಗೆ ತಾನೇ ಸಿಕ್ಕಿಸಿ, ಸುಕ್ಕು ಬಿಡಿಸಿ ಇಳಿಬಿಟ್ಟಳು. ನನ್ನ ಕೆಲಸ ನೋಡಿ ಯಾವಾಗಲೂ ಬಿಚ್ಚಿ ಬಿಚ್ಚಿ ಅನ್ನುತ್ತಿದ್ದವಳು ಆವತ್ತು ತನ್ನದನ್ನು ಮುಟ್ಟಿ, "ಇದ್ನ ಬಿಚ್ಬೇಡಿ," ಅಂದು ಹೋದಳು.

ಸ್ಟುಡಿಯೋದವನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಕೈಮುಗಿದ. ತಂಗಿ ತೀರಿಕೊಂಡಳು ಅಂದುಕೊಂಡೆ, ಬೋಳು ಹಣೆಯಲ್ಲಿ ಇಡಬಾರದು ಅಂತ ನಾನೇ ಕುಂಕುಮ ಹಾಕಿದೆ, ಬೇರೆ ಮಾಡಿಕೊಡುತ್ತೇನೆ ಅಂದ. ಪಾಪ, ಅವನ ಮಟ್ಟಿಗೆ ಅವನು ಉಪಕಾರವನ್ನೇ ಮಾಡಿದ್ದ. ಬೇಡ ಬಿಡಪ್ಪ ಅಂದು, ಫ್ರೇಮನ್ನು ಅಲ್ಲೇ ಬಿಟ್ಟು, ಚಿಕ್ಕ ಫೋಟೋ ಇಸಿದುಕೊಂಡು ಬಂದೆ. ಅದು ಅವಳು ಹೇಳಿದಂತೆ ಬೀರುವಿನಲ್ಲೇ ಇದೆ.

ಮೊದಮೊದಲು ದಿನಾ ಫೋನು ಮಾಡುತ್ತಿದ್ದಳು. ಈಗ ಮೊಮ್ಮಗು ಬಂದಿದೆ. ಫೋನಿನಲ್ಲಿ ಅದು ಅಳುತ್ತಿರುತ್ತದೆ, ಇವಳು ಊಟ ಆಯ್ತಾ ಅಕ್ಕಾ ಅನ್ನುತ್ತಾಳೆ, ನಾನು ಆಯ್ತು ಅನ್ನುತ್ತೇನೆ, ಮುಗಿಯಿತು. ಅವಳ ಮೇಲೆ ನನಗೆ ಕೋಪ ಇಲ್ಲ ಅಂದರೆ ಸುಳ್ಳು. ಮನೆಗೆ ಬಂದವರೆಲ್ಲ ಆ ಒಂದು ಪರದೆಯನ್ನೇ ಎತ್ತಿ ನೋಡುತ್ತಾರೆ. ನನ್ನ ವಾರಗಿತ್ತಿಯೂ ಎತ್ತಿ, ಇದರಡಿ ಏನೂ ಇಲ್ಲವಲ್ಲಕ್ಕ ಅಂದಳು. ಕೈ ತೆಗಿ ಅಂತ ರೇಗಿದೆ. ಅವಳು ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದಳು.

ಸಾಯಂಕಾಲ ಮಸೀದಿಯಲ್ಲಿ ಕೂಗಿದರೆ ಈಗಲೂ ನನ್ನ ಕಾಲು ತಾನಾಗಿ ಏಳುತ್ತದೆ. ಮೊನ್ನೆಯವರೆಗೂ ಹೋಗಿ ಒಂದೊಂದೇ ಪರದೆ ಇಳಿಸುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ನಾನೇ ಎತ್ತುತ್ತಿದ್ದೆ. ಆದರೆ ಯಜಮಾನರ ಹತ್ತಿರ ಬಂದಾಗ, ತಪ್ಪಾಯ್ತು ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಮೊನ್ನೆ ಇಳಿಸಿದವಳು ಹಾಗೇ ಬಿಟ್ಟೆ. ಲೈಟು ಹಾಕಿ ನೋಡಿದರೆ ಗೋಡೆಯುದ್ದಕ್ಕೂ ಬಿಳಿ ಪರದೆಗಳು. ಯಾವುದರ ಹಿಂದೆ ಜನ ಇದ್ದಾರೆ, ಯಾವುದರ ಹಿಂದೆ ಇಲ್ಲ ಅಂತ ದೂರದಿಂದ ಗೊತ್ತಾಗುತ್ತಿರಲಿಲ್ಲ. ಇವತ್ತಿಗೂ ಹಾಗೇ ಇವೆ. ಇಳಿಸುವುದು ನನ್ನ ಕೆಲಸ, ಎತ್ತುವುದು ಅವಳ ಕೆಲಸ. ಬಂದು ಎತ್ತಲಿ.