ಜ್ವರ ಬಾರದ ಮಳೆಗಾಲ

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಭದ್ರಾವತಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾರೆ. ಮಳೆಗಾಲವೇ ಅವರ ಸುಗ್ಗಿ. ಜೂನ್ ಬರುವ ಮೊದಲೇ ಜ್ವರದ ಮಾತ್ರೆಯ ಪೆಟ್ಟಿಗೆಗಳು ಅಂಗಡಿಯ ಅಟ್ಟ ಸೇರುತ್ತವೆ. ಈಚಿನ ಒಂದು ಮಳೆಗಾಲ ಮಾತ್ರ ಅವರಿಗೆ ಇಕ್ಕಟ್ಟು ತಂತು. ತುಂಬು ಬಸುರಿ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಸಹಾಯಕ್ಕೆ ನಾನೂ ಶಿವಮೊಗ್ಗದಿಂದ ಹೋಗಿ ಉಳಿದೆ. ಜ್ವರ ಊರಿಗೆಲ್ಲ ಬರಬೇಕು, ನಮ್ಮ ಹೊಸಿಲು ಮಾತ್ರ ತುಳಿಯಬಾರದು ಎಂಬುದು ಭಾವನ ಆಸೆ.

ಒಂದು ಶುಕ್ರವಾರ ಆಶಾ ಕಾರ್ಯಕರ್ತೆ ಬಂದು ಹಿತ್ತಲಿನ ಡ್ರಮ್ಮಿಗೆ ಟಾರ್ಚ್ ಬಿಟ್ಟರು. ದಾರದ ಚೂರಿನಂಥ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

"ಬಸುರಿ ಇರೋ ಮನೆ ಸಾರ್. ವಾರಕ್ಕೊಂದ್ಸಲ ಚೆಲ್ಲಿ, ಉಜ್ಜಿ, ಮುಚ್ಚಿಡಿ."

ನಲ್ಲಿ ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ನೀರು ಚೆಲ್ಲುವುದೆಂದರೆ ಹಾಲು ಚೆಲ್ಲಿದಂತೆ. ಆದರೂ ಭಾವ ಡ್ರಮ್ ಬೋರಲು ಹಾಕಿದರು. ಆಮೇಲೆ ಹೊಳೆಯಿತು: ಸೊಳ್ಳೆ ಕಾಂಪೌಂಡ್ ನೋಡುತ್ತದೆಯೇ? ಮುಂದಿನ ವಾರದಿಂದ ಲುಂಗಿ ಎತ್ತಿ ಕಟ್ಟಿ ಬೀದಿಯನ್ನೇ ಸುತ್ತತೊಡಗಿದರು. ಎದುರುಮನೆಯ ತೆಂಗಿನ ಚಿಪ್ಪು, ಪಂಚರ್ ಅಂಗಡಿಯ ಟೈರು, ಯಾರದೋ ಒರಳುಕಲ್ಲಿನ ಗುಳಿ, ಒಂದನ್ನೂ ಬಿಡಲಿಲ್ಲ.

"ಏನ್ ಸಾರ್, ಮಾತ್ರೆ ವ್ಯಾಪಾರ ಬಿಟ್ಟು ಮುನಿಸಿಪಾಲ್ಟಿ ಸೇರಿದ್ರಾ?" ಎಂದು ಅಂಗಡಿಯ ಪಕ್ಕದ ಟೈಲರ್ ನಕ್ಕ.

"ನಗು ಮಾರಾಯ, ನಗು. ಮೊದ್ಲು ನಿನ್ ಬಕೆಟ್ ಬಗ್ಸು."

ಆ ಸಲ ಬೀದಿಯಲ್ಲಿ ಯಾರೂ ಜ್ವರವೆಂದು ಮಲಗಲಿಲ್ಲ. ಭಾವ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತರು. ಸಂಜೆ ಬಂದವರೇ ನನ್ನೆದುರು ಗೋಳಾಡುವರು:

"ಹಿಂಗಾದ್ರೆ ಬದುಕೋದ್ ಹೆಂಗೆ ಮಾರಾಯ್ತಿ? ಒಬ್ರಿಗೂ ಒಂದ್ ಕೆಮ್ಮಿಲ್ಲ!"

"ಹಂಗಾದ್ರೆ ಈ ಶುಕ್ರವಾರ ಡ್ರಮ್ ಹಂಗೇ ಬಿಡಾಣ ಭಾವ?"

"ಬಾಯ್ ಮುಚ್ಚು," ಎಂದು ಉಜ್ಜುವ ಬ್ರಷ್ ಹುಡುಕುವರು.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ನಾಮಕರಣದ ಅಂಗಿಗೆ ಅಳತೆ ಕೊಡಲು ಭಾವ ಹೊರಟಾಗ, ರವಿಕೆ ಬಟ್ಟೆ ಹಿಡಿದು ನಾನೂ ಹೋದೆ. ಟೈಲರ್ ಹೊಲಿಗೆ ಮಿಷನ್ನಿಗೆ ಹೊಸ ಮೋಟರ್ ಹಾಕಿಸಿದ್ದ.

"ಹೋದ್ ವರ್ಷ ಮನೆಯವ್ರೆಲ್ಲ ಜ್ವರ ಬಂದ್ ಮಲ್ಗಿದ್ವಿ. ಮಿಷನ್ನೂ ನಿಂತ್ಹೋಯ್ತು, ಇದ್ದಿದ್ದೂ ನಿಮ್ ಅಂಗಡಿಗೇ ಸುರ್ದೆ ಸಾರ್. ಈ ಸಲ ಆ ದುಡ್ಡು ಉಳೀತು ನೋಡಿ."

ಭಾವ ಆ ಮೋಟರನ್ನು ಸುತ್ತು ಹಾಕಿ ನೋಡಿದರು.

"ಅಂದ್ರೆ ಇದು ನನ್ ಮೋಟರು. ನನ್ ಅಂಗಿ ಮೊದ್ಲು ಹೊಲಿ."

ಮೆಟ್ಟಿಲು ಇಳಿದವರು ಮತ್ತೆ ತಿರುಗಿ ಹೋಗಿ, ಬಾಗಿಲ ಹಿಂದಿನ ಬಕೆಟ್ಟಿನಲ್ಲಿ ಇಣುಕಿದರು.