ಮೂಸಂಬಿ ಸಿಪ್ಪೆಯ ದಾರಿ

ಎಂ.ಟೆಕ್‌ನ ಕೊನೆಯ ಸೆಮಿಸ್ಟರಿನಲ್ಲಿ ನಾನು ಕಂಪ್ಯೂಟರಿನೊಳಗೆ ಒಂದು ಕೆರೆ ಕಟ್ಟಿದ್ದೆ. ಕೆಂಗೇರಿ ಆಚೆಯ ನಿಜವಾದ ಕೆರೆಯೊಂದರ ನಕಲು. ಏರಿಯ ರಸ್ತೆಯಲ್ಲಿ ಟ್ಯಾಂಕರ್ ಮಗುಚಿ ಡೀಸೆಲ್ ನೀರಿಗೆ ಬಿದ್ದರೆ ಅದು ಯಾವ ದಡಕ್ಕೆ ಹೋಗಿ ಸೇರುತ್ತದೆಂದು ನನ್ನ ಪ್ರೋಗ್ರಾಂ ಹೇಳಬೇಕು. ಪಶ್ಚಿಮದ ದಡಕ್ಕೆ ಎಂದು ಹೇಳಿತು. ನಂಬಿದೆ. ಹೆತ್ತವಳೇ ನಂಬದಿದ್ದರೆ ಇನ್ಯಾರು ನಂಬುತ್ತಾರೆ!

ಗೈಡ್ ಮೇಡಂ ಮಾತ್ರ ನಂಬಲಿಲ್ಲ. "ಕೆರೇಲಿ ತೋರ್ಸಿ, ಅಲ್ಲೇ ಸೈನ್ ಹಾಕ್ತೀನಿ. ಇಲ್ಲಾಂದ್ರೆ ಇನ್ನೊಂದು ಸೆಮಿಸ್ಟರ್," ಎಂದರು.

ಕೆರೆಗೆ ಡೀಸೆಲ್ ಸುರಿಯುವ ಹಾಗಿಲ್ಲವಲ್ಲ, ರಾಜಾಜಿನಗರದ ನಮ್ಮ ಮನೆ ಪಕ್ಕದ ಜ್ಯೂಸ್ ಅಂಗಡಿಯಿಂದ ಎರಡು ಚೀಲ ಮೂಸಂಬಿ ಸಿಪ್ಪೆ ತಂದೆ. ತೇಲುತ್ತದೆ, ದೂರಕ್ಕೂ ಕಾಣುತ್ತದೆ. ಸ್ಕೂಟರಿನ ಹಿಂದೆ ಚೀಲ ತಬ್ಬಿಕೊಂಡು ಬಂದವರು ಅಪ್ಪ, ಜೀವಮಾನವೆಲ್ಲ ಲೇತ್ ಮೆಷಿನ್ ಮುಂದೆ ನಿಂತು ರಿಟೈರ್ ಆದವರು. ಪಶ್ಚಿಮದ ದಡದಲ್ಲಿ ಕೂತು ಸಿಪ್ಪೆ ಎಣಿಸಬೇಕೆಂದು ಅವರಿಗೆ ಹೇಳಿದ್ದೆ. ಅವರು ಪೂರ್ವದ ದಡಕ್ಕೆ ಹೋಗಿ, ಪ್ಯಾಂಟ್ ಮಡಚಿ ಕೂತೇಬಿಟ್ಟರು.

"ಅಪ್ಪಾ, ಆ ದಡ ಅಲ್ಲಪ್ಪಾ!" ಎಂದು ಫೋನಿನಲ್ಲಿ ಕಿರುಚಿದೆ.

"ಕೆರೆ ಕಸ ಎಲ್ಲಾ ಇಲ್ಲೇ ಬಂದು ಬಿದ್ದಿದೆ ಕಣೇ. ನಿನ್ನ ಸಿಪ್ಪೆಗೇನು ಬೇರೆ ದಾರಿ ಇದ್ಯಾ?"

ಏರಿಯ ಮೇಲಿಂದ ಸಿಪ್ಪೆ ಸುರಿದೆ. ಮದುವೆ ದಿಬ್ಬಣದ ಹಾಗೆ ಅವು ಗುಂಪಾಗಿ ಅಪ್ಪನ ಕಡೆಗೇ ಹೊರಟವು. ಅಷ್ಟರಲ್ಲಿ ಮೇಡಂ ಕಾರು ಬಂತು.

ಪಶ್ಚಿಮದಿಂದ ಬೀಸುತ್ತಿದ್ದ ಮುಂಗಾರಿನ ಗಾಳಿ ದುಪಟ್ಟವನ್ನು ಅಪ್ಪನ ದಿಕ್ಕಿಗೇ ಎಳೆಯುತ್ತಿತ್ತು. ತಟ್ಟನೆ ಹೊಳೆಯಿತು. ಹವಾಮಾನದ ಲೆಕ್ಕದಲ್ಲಿ ಇನ್ನೂರೆಪ್ಪತ್ತು ಡಿಗ್ರಿ ಎಂದರೆ ಗಾಳಿ ಪಶ್ಚಿಮದಿಂದ ಬರುತ್ತಿದೆ ಎಂದರ್ಥ. ನಾನು ಅದನ್ನು ಗಾಳಿ ಪಶ್ಚಿಮಕ್ಕೆ ಹೋಗುತ್ತಿದೆ ಎಂದು ಪ್ರೋಗ್ರಾಂಗೆ ತುಂಬಿಸಿದ್ದೆ. ತಿಂಗಳುಗಟ್ಟಲೆ ನನ್ನ ಕೆರೆಯ ಮೇಲೆ ಗಾಳಿ ಉಲ್ಟಾ ಬೀಸಿತ್ತು!

ಮೇಡಂ ಎದುರಿಗೇ ತಪ್ಪು ಒಪ್ಪಿಕೊಂಡೆ. ಸ್ಕೂಟರ್ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಗಾಳಿಯನ್ನು ನೂರೆಂಬತ್ತು ಡಿಗ್ರಿ ತಿರುಗಿಸಿ ಮತ್ತೆ ಓಡಿಸಿದೆ. ಪರದೆಯ ಮೇಲೆ ಡೀಸೆಲ್ಲಿನ ಕಪ್ಪು ಚುಕ್ಕೆಗಳು ಸರಿಯಾಗಿ ಅಪ್ಪ ಕೂತ ಮೂಲೆಗೇ ಹೋಗಿ ಅಂಟಿಕೊಂಡವು. ಆ ಹೊತ್ತಿಗೆ ಅಪ್ಪನ ಕಾಲ ಬಳಿ ನಿಜವಾದ ಸಿಪ್ಪೆಗಳೂ ಬಂದು ನಿಂತಿದ್ದವು. ಖುಷಿಗೆ ಹುಚ್ಚು ಹಿಡಿದು ಏರಿಯ ಮೇಲೆ ಕುಣಿದೆ. ಮೇಡಂ ನನ್ನನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು.

"ಸೈನ್ ಹಾಕ್ತೀನಿ. ಆದ್ರೆ ಮ್ಯಾಪಲ್ಲಿ ವೀಕ್ಷಣಾ ಕೇಂದ್ರ ಎಲ್ಲಿತ್ತು ಅಂತ ಗುರುತು ಮಾಡ್ಬೇಕು," ಎಂದರು.

ನನ್ನ ಥೀಸಿಸ್ಸಿನ ನಕ್ಷೆಯಲ್ಲಿ, ಪೂರ್ವದ ದಡದ ಮೇಲೆ, ಒಂದು ಕೆಂಪು ಚುಕ್ಕೆ ಇದೆ. ಮನೆಗೆ ಬಂದವರಿಗೆಲ್ಲ ಅಪ್ಪ ಆ ಪುಟವೊಂದನ್ನೇ ತೆರೆದು ತೋರಿಸುತ್ತಾರೆ. "ಇದು ನಾನು," ಎನ್ನುತ್ತಾರೆ.