ಇಂಗ್ಲಿಷ್ ಮೇಡಂ ಮತ್ತು ‘ನೀವು’ ಎಂದ ಗಂಡಸು

ನಮ್ಮ ಇಂಗ್ಲಿಷ್ ಮೇಡಂ ಎಷ್ಟು ಗಿಡ್ಡ ಇದ್ದರೆಂದರೆ, ಬೋರ್ಡಿನ ಕೆಳಗಿನ ಅರ್ಧ ಮಾತ್ರ ಅವರ ಕೈಗೆ ಎಟಕುತ್ತಿತ್ತು. ಮೇಲಿನರ್ಧದಲ್ಲಿ ಹಿಂದಿನ ಪೀರಿಯಡ್ಡಿನ ಇತಿಹಾಸದ ಸರ್ ಬರೆದದ್ದು ಹಾಗೇ ಉಳಿದಿರುತ್ತಿತ್ತು. ಕೆಳಗಿನದನ್ನು ಮೇಡಂ ಸೆರಗಿನ ತುದಿಯಿಂದಲೇ ಒರೆಸಿ ಬರೆಯಲು ಶುರುಮಾಡುತ್ತಿದ್ದರು. ಹೀಗಾಗಿ ಬಿ.ಎ. ಎರಡನೆಯ ವರ್ಷದಲ್ಲಿ ನಾನು ಇಂಗ್ಲಿಷ್ ಅನುವಾದದಲ್ಲಿ ಓದಿದ ಹಳೆಯ ಫ್ರೆಂಚ್ ಪ್ರೇಮನಾಟಕ ಇವತ್ತಿಗೂ ನನ್ನ ನೆನಪಿನಲ್ಲಿ ‘ಪಾಣಿಪತ್ ಯುದ್ಧದ ಕಾರಣಗಳು’ ಎಂಬ ತಲೆಬರಹದ ಕೆಳಗೇ ನಡೆಯುತ್ತದೆ.

ಆಳು ಗಿಡ್ಡ, ದನಿ ಮಾತ್ರ ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನಲ್ಲಿ ನಿಂತು ಕೂಗಿದರೆ ಹೊರಟ ರೈಲು ನಿಂತೀತು ಅನ್ನುವಂಥದ್ದು. ದವಡೆಯಲ್ಲಿ ಸದಾ ಒಂದು ಲವಂಗ. ಗುಲಬರ್ಗಾ ಕಡೆಯವರು, ಮದುವೆಯಾಗಿರಲಿಲ್ಲ. ಪಾಠ ಇಂಗ್ಲಿಷಿನಲ್ಲಿ, ಸಿಟ್ಟು ಹೈದರಾಬಾದಿ ಹಿಂದಿಯಲ್ಲಿ. ನಮ್ಮಂಥ ನಾಲ್ಕೈದು ಕನ್ನಡದ ಹುಡುಗಿಯರು ವರಾಂಡದಲ್ಲಿ ಸಿಕ್ಕರೆ ಮಾತ್ರ ಅಪ್ಪಟ ಊರಿನ ಮಾತು ಹೊರಬರುತ್ತಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ್ದ ನಾನು ಇಂಗ್ಲಿಷೆಂದರೆ ಬೆವರುತ್ತಿದ್ದೆ. “ಅರ್ಥ ಆಮ್ಯಾಲೆ ಆಗ್ತೈತಿ, ಮೊದ್ಲ ಬಾಯಿ ತೆರೀವಾ” ಎನ್ನುತ್ತಿದ್ದರು. ತೆರೆದ ಬಾಯಿಂದ ಏನೇನೋ ಬೀಳುತ್ತಿತ್ತು. ಅವರು ಒಮ್ಮೆಯೂ ನಗಲಿಲ್ಲ, ಉಳಿದವರಿಗೂ ನಗಗೊಡಲಿಲ್ಲ.

ನಮ್ಮಪ್ಪ ಸೆಕ್ರೆಟೇರಿಯೆಟ್ಟಿನಲ್ಲಿ ಗುಮಾಸ್ತ. ರಾಯಚೂರಿನಿಂದ ಬಂದು ಕಾಚಿಗೂಡದ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಮನೆ ಮಾಡಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಅಪ್ಪ ಒಪ್ಪಿದ್ದು ಒಂದೇ ಕರಾರಿನ ಮೇಲೆ: “ಒಂದ ಒಂದು ಮಾತು ಕಿವಿಗೆ ಬಿದ್ರ ಕಾಲೇಜು ಬಂದ್.” ಇಂಥ ಮನೆಯ ಹುಡುಗಿಗೆ ಯೂನಿವರ್ಸಿಟಿಯವರು ಪ್ರೇಮನಾಟಕ ಇಟ್ಟಿದ್ದರು.

ಕತೆ ಇಷ್ಟು: ತಾನು ಕುರೂಪಿ ಎಂದು ನಂಬಿಕೊಂಡ ಸಿಪಾಯಿಯೊಬ್ಬ, ತಾನು ಪ್ರೀತಿಸುವ ಹೆಣ್ಣಿನ ಕಿಟಕಿಯ ಕೆಳಗೆ ನಿಂತು ಬೇರೊಬ್ಬನ ಹೆಸರಿನಲ್ಲಿ ತನ್ನ ಮನಸ್ಸನ್ನು ಹೇಳಿಕೊಳ್ಳುತ್ತಾನೆ. ಮೇಡಂ ಎರಡೂ ಪಾತ್ರ ಅವರೇ ಆಗುತ್ತಿದ್ದರು. ಹೆಣ್ಣು ಮಾತಾಡುವಾಗ ಕುರ್ಚಿ ಹತ್ತಿ ನಿಲ್ಲುವುದು, ಸಿಪಾಯಿ ಮಾತಾಡುವಾಗ ಕೆಳಗಿಳಿದು ಕತ್ತು ಮೇಲೆತ್ತುವುದು. ಹತ್ತಿ ಇಳಿದು ಹತ್ತಿ ಇಳಿದು ಏದುಸಿರು ಬಂದಾಗ ಪ್ರೇಮ ಇನ್ನೂ ನಿಜ ಅನ್ನಿಸುತ್ತಿತ್ತು.

ಒಂದು ದಿನ ನಡುವೆ ಪುಸ್ತಕ ಮುಚ್ಚಿ, “ಕಿತಾಬ್ ಮೇ ತೋ ಏಕೀಚ್ ‘ಯೂ’ ಹೈ. ಹಮಾರೇ ಪಾಸ್ ಕಿತ್ತೇ ಹೈ, ಬೋಲೋ!” ಎಂದು, ನಮ್ಮ ಭಾಷೆಗಳಲ್ಲಿ ‘ಯೂ’ಗೆ ಎಷ್ಟು ಪದ ಎಂಬ ಸವಾಲು ಹಾಕಿದರು. ಉರ್ದು ಹುಡುಗಿಯರು ಆಪ್, ತುಮ್, ತೂ ಎಂದು ಮೂರು ಬೆರಳು ಎತ್ತಿದರು. ತೆಲುಗಿನವರೂ ನಾವೂ ಎರಡೆರಡು. ಫ್ರೆಂಚಿನಲ್ಲೂ ಎರಡಿವೆಯಂತೆ, ಇಂಗ್ಲಿಷಿನವರಿಗೆ ಪಾಪ ಒಂದೇ ಎಂದು ಮೇಡಂ ಮರುಕಪಟ್ಟರು. ಇಂಗ್ಲಿಷಿನ ಬಗ್ಗೆ ಯಾರಾದರೂ ಮರುಕಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗಂತೂ ಎದೆಯುಬ್ಬಿತು. ಸಿಪಾಯಿಯ ಮಾತನ್ನು ಅವರವರ ಮನೆಮಾತಿನಲ್ಲಿ ಬರೆದು ತರಬೇಕು, ಎಲ್ಲಿ ನೀವು ಎಲ್ಲಿ ನೀನು ಎಂದು ಯೋಚಿಸಿ ಬರೆಯಬೇಕು, ಅದು ಮನೆಗೆಲಸ.

ಅವನಿಗೆ ಆ ಹೆಣ್ಣಿನ ಮೇಲೆ ಅಷ್ಟು ಗೌರವ ಇರುವಾಗ ನೀನು ಅನ್ನಲು ನನಗೆ ಮನಸ್ಸು ಬರಲಿಲ್ಲ. ಹೀಗೆ ಬರೆದೆ: ‘ನಿಮ್ಮ ಮುಂದೆ ನಿಂತು ಮಾತಾಡುವ ಧೈರ್ಯ ನನಗಿಲ್ಲ. ನಿಮ್ಮ ಕಿಟಕಿಯ ಕೆಳಗೆ ನಿಂತೇ ನನ್ನ ಆಯುಷ್ಯ ಮುಗಿದರೂ ಬೇಸರವಿಲ್ಲ. ನೀವು ನಕ್ಕ ದಿನ ನನಗೆ ಊಟದ ನೆನಪೇ ಆಗುವುದಿಲ್ಲ.’

ಆ ಹಾಳೆ ಅಪ್ಪನ ಕೈಗೆ ಸಿಕ್ಕಿತು.

ಅಪ್ಪನ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಗಂಡ ಹೆಂಡತಿಗೆ ನೀನು ಅನ್ನುತ್ತಾನೆ, ಹೆಂಡತಿ ಗಂಡನಿಗೆ ನೀವು ಅನ್ನುತ್ತಾಳೆ. ನೀವು ಎಂದಿದ್ದ ಮೇಲೆ ಬರೆದವಳು ಹೆಣ್ಣು, ಓದಬೇಕಾದವನು ಗಂಡು. ಪಕ್ಕದ ಬೆಂಚಿನ ಉರ್ದು ಹುಡುಗಿ ಬಚಾವಾಗಿದ್ದಳು. ಅವಳ ಭಾಷೆಯಲ್ಲಿ ‘ಖಡಾ ಹೂಂ’ ಎಂದು ಬರೆದ ಕೂಡಲೇ ನಿಂತವನು ಗಂಡಸು ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ‘ನಾನು ನಿಂತಿದ್ದೇನೆ’ ಎಂದರೆ ಯಾರು ಬೇಕಾದರೂ ನಿಂತಿರಬಹುದು. ನಾನು ನಾಟಕ ಎಂದೆ, ಪಾಠ ಎಂದೆ. ಅಪ್ಪ ಕಿವಿಗೊಡಲಿಲ್ಲ. ಗಲ್ಲಿಯ ಮಹಡಿ ಮನೆಗಳ ಕಿಟಕಿಗಳನ್ನೆಲ್ಲ ಒಂದೊಂದಾಗಿ ದಿಟ್ಟಿಸಿ ಬಂದು, ಕಾಲೇಜು ಬಂದ್ ಎಂದರು. ವರ ನೋಡಲು ರಾಯಚೂರಿನ ಅತ್ತೆಗೆ ಕಾಗದವೂ ಹೋಯಿತು.

ಐದು ದಿನ ಅತ್ತು ಅತ್ತು ನನ್ನ ಮುಖ ಊದಿತ್ತು. ಭಾನುವಾರ ಬೆಳಿಗ್ಗೆ ಸೈಕಲ್ ರಿಕ್ಷಾದಿಂದ ಮೇಡಂ ಇಳಿದರು. ಆಫೀಸಿನ ರಿಜಿಸ್ಟರಿನಿಂದ ನಮ್ಮ ವಿಳಾಸ ಬರೆದುಕೊಂಡು, ಕೇಳುತ್ತ ಕೇಳುತ್ತ ಬಂದಿದ್ದರು.

ಅಪ್ಪ ಹಾಳೆಯನ್ನು ಅವರ ಮುಂದೆ ಹಿಡಿದರು. “ಇದನ್ನ ಕಲಸ್ತಾರೇನ್ರಿ ನಿಮ್ಮ ಕಾಲೇಜಿನ್ಯಾಗ?”

“ನಾನ ಕಲ್ಸೀನ್ರಿ. ಇದು ಗಂಡಸು ಹೆಣ್ಮಗಳಿಗೆ ಹೇಳೋ ಮಾತು.”

“ಯಾವ ಗಂಡಸು ಹೆಣ್ಮಗಳಿಗೆ ನೀವು ಅಂತಾನ್ರಿ?”

“ಅದನ್ನ ಕಲಸಾಕಂತನ ಈ ನಾಟಕ ಇಟ್ಟಾರ್ರಿ” ಎಂದರು ಮೇಡಂ, ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡು.

ಅಪ್ಪ ಹಾಳೆಯನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮೇಡಂ ಬಿಡಲಿಲ್ಲ. “ನೀವು ಶ್ರಾವಣದಾಗ ಮಠದೊಳಗ ಪುರಾಣ ಓದ್ತೀರಂತ, ದನಿ ಭಾಳ ಚೊಲೊ ಐತಂತ ನಿಮ್ಮ ಮಗಳು ಹೇಳ್ಯಾಳ. ಒಂದ್ಸಲ ಓದಿ ನೋಡ್ರಿ. ಗಂಡಸಿನ ಬಾಯಿಗೆ ಹೊಂದಲಿಲ್ಲಂದ್ರ ನಾ ಸುಮ್ನ ಎದ್ದು ಹೋಗ್ತೀನಿ.”

ದನಿಯ ಹೊಗಳಿಕೆಗೆ ಅಪ್ಪ ಸೋಲದೆ ಇದ್ದದ್ದೇ ಇಲ್ಲ. ಗಂಟಲು ಸರಿಮಾಡಿಕೊಂಡು ಪುರಾಣದ ಧಾಟಿಯಲ್ಲೇ ಶುರುಮಾಡಿದರು. ಎರಡನೆಯ ವಾಕ್ಯಕ್ಕೆ ಧಾಟಿ ತಾನಾಗಿ ಮೆತ್ತಗಾಯಿತು. ಅಷ್ಟರಲ್ಲಿ ಅವ್ವ ಚಹಾ ಹಿಡಿದು ಬಾಗಿಲಿಗೆ ಬಂದಳು. ಅಪ್ಪ ಹಾಳೆಯಿಂದ ತಲೆಯೆತ್ತಿದವರು ನೇರ ಅವಳ ಮುಖ ನೋಡಿಕೊಂಡೇ “ನೀವು ನಕ್ಕ ದಿನ ನನಗೆ ಊಟದ ನೆನಪೇ ಆಗುವುದಿಲ್ಲ” ಎಂದುಬಿಟ್ಟರು.

“ಹಂಗಾರ ಚೊಲೊ ಆತ್ರಿ” ಎಂದಳು ಅವ್ವ. “ದಿನಾ ನಗ್ತೀನಿ, ರೊಟ್ಟಿ ಬಡಿಯೋದು ತಪ್ಪತೈತಿ.”

ಮೊದಲು ನಕ್ಕವರು ಮೇಡಂ. ಆಮೇಲೆ ಅಪ್ಪನಿಗೂ ತಡೆಯಲಾಗಲಿಲ್ಲ. ಅಪ್ಪ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಣ್ಣೊರೆಸಿಕೊಂಡು, “ನಾಳಿಂದ ಕಳಸ್ತೀನ್ರಿ ಮೇಡಂ” ಎಂದರು. ಮೇಡಂ ಚಹಾ ಮುಗಿಸಿ, ಚೀಲದಿಂದ ಕೆಂಪು ಪೆನ್ನು ತೆಗೆದು, ಹಾಳೆಯಲ್ಲಿ ಎರಡು ಕಾಗುಣಿತ ತಿದ್ದಿ, ಹತ್ತಕ್ಕೆ ಏಳು ಕೊಟ್ಟು ಹೊರಟರು.

ಬಿ.ಎ. ಆಯಿತು, ಎಂ.ಎ. ಆಯಿತು, ನಾನೂ ಇಂಗ್ಲಿಷ್ ಕಲಿಸುವವಳಾದೆ. ಮೇಡಂ ನಿವೃತ್ತರಾದ ಮೇಲೆ ಒಂದು ದಿನ ಅವರ ಮನೆಗೆ ಹೋಗಿದ್ದಾಗ ಕೇಳಿದೆ, ಕರೆಯದ ಮನೆಗೆ ಹಾಗೆ ನುಗ್ಗಲು ಅವರಿಗೆ ಅಂಜಿಕೆಯಾಗಲಿಲ್ಲವೇ ಎಂದು.

“ಭಾಳ ಅಂಜಿಕಿ ಆಗಿತ್ತು. ನಿಮ್ಮಪ್ಪನ ಮೀಸಿ ಏನು ಸಣ್ಣದಿತ್ತೇನು?” ಎಂದು ನಕ್ಕರು. ಆಮೇಲೆ ಹೇಳಿದರು: “ನಂದೂ ಒಂದು ಪತ್ರ ನಮ್ಮಪ್ಪಗ ಸಿಕ್ಕಿತ್ತವಾ.”

“ನಾಟಕದ್ದೇನ್ರಿ?”

“ನಾಟಕದ್ದಲ್ಲ, ಖರೇ ಪತ್ರ.” ಹುಡುಗಿಯ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಸಾಲಿ ಬಿಡಿಸಿದ್ರು. ಆರು ವರ್ಷ ಮನ್ಯಾಗ ಕುಂತೆ. ಈ ಹುಡುಗಿ ಯಾಕ ಬರವಲ್ಲಳು ಅಂತ ಒಬ್ಬರೂ ಕೇಳಾಕ ಬರಲಿಲ್ಲ.”

ಅಂದು ನಾನು ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಥ್ಯಾಂಕ್ಸ್ ಎನ್ನಲು ನಾಚಿಕೆಯಾಗಿ, ಚಹಾ ಚೆನ್ನಾಗಿದೆ ಎಂದೆ. ಎರಡು ವರ್ಷದ ನಂತರ ಅವರು ಹೋದರು. ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಮುಖ ನೋಡಲಾಗಲಿಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ನನ್ನ ಕ್ಲಾಸಿನಲ್ಲಿ ಯಾವ ಹುಡುಗಿಯಾದರೂ ಸತತ ಐದು ದಿನ ಬರದಿದ್ದರೆ ಆಫೀಸಿಗೆ ಹೋಗಿ ಅವಳ ವಿಳಾಸ ಬರೆದುಕೊಳ್ಳುತ್ತೇನೆ. ಹೆಚ್ಚಿನ ಸಲ ಜ್ವರವೋ ಅಕ್ಕನ ಮದುವೆಯೋ ಆಗಿರುತ್ತದೆ, ಚಹಾ ಕುಡಿದು ಬರುತ್ತೇನೆ. ಮೂರು ಸಲ ಮಾತ್ರ ಜ್ವರವಾಗಿರಲಿಲ್ಲ. ಆ ಮೂವರೂ ಪರೀಕ್ಷೆಗೆ ಕೂತರು.